ಹಾಲಿಟ್ಟೆ ಎಂದು ಕೂಗುವ ಮನೆ

ಲಿಂಗರಾಜಪುರದ ನಮ್ಮ ಮನೆಯಲ್ಲಿ ಯಾರೂ ಸದ್ದಿಲ್ಲದೆ ಒಲೆ ಹಚ್ಚುತ್ತಿರಲಿಲ್ಲ. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟವರು ಅಡುಗೆಮನೆಯ ಬಾಗಿಲಿಗೆ ಬಂದು, ಅಂಗಳದ ಕಡೆ ಮುಖ ಮಾಡಿ, "ಹಾಲಿಟ್ಟೆ!" ಎಂದು ಕೂಗಬೇಕು. ಒಳಗೋ ಹೊರಗೋ ಇರುವ ಯಾರಾದರೊಬ್ಬರು "ಆಯ್ತು!" ಅನ್ನಬೇಕು. ಹಾಗೆ ಅಂದವರದು ಅಲ್ಲಿಂದ ಮುಂದೆ ಆ ಹಾಲು. ಇಟ್ಟವರು ನಿಶ್ಚಿಂತೆಯಿಂದ ಬೇರೆ ಕೆಲಸಕ್ಕೆ ಹೋಗಬಹುದು. ಉಕ್ಕಿದರೆ ಬೈಗುಳ ಆಯ್ತು ಅಂದವರಿಗೆ. ಯಾರೂ ಉತ್ತರ ಕೊಡದಿದ್ದರೆ ಇಟ್ಟವರೇ ನಿಂತು ಕಾಯಬೇಕು. ನೀರಿನ ಮೋಟರ್, ಬಚ್ಚಲ ಒಲೆ, ಬಿಸಿಲಿಗೆ ಹರವಿದ ರಾಗಿ, ತೊಟ್ಟಿಲಲ್ಲಿ ಮಲಗಿಸಿದ ನೆಂಟರ ಕೂಸು, ಎಲ್ಲಕ್ಕೂ ಇದೇ ಕಾನೂನು. ಮನೆಗೆ ಮೊದಲ ಸಲ ಬಂದವರಿಗೆ ನಾವೆಲ್ಲ ಸದಾ ಜಗಳವಾಡುತ್ತಿದ್ದೇವೆ ಅನ್ನಿಸುತ್ತಿತ್ತು.

ಈ ಕೂಗು ಹೊಲದಿಂದ ಮನೆಯೊಳಗೆ ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದಳು. ತಾತನ ಕಾಲದಲ್ಲಿ ಕೆರೆಯ ಕೆಳಗಿನ ಜಮೀನಿನಲ್ಲಿ ಸೊಪ್ಪು, ಹೂಕೋಸು ಬೆಳೆಯುತ್ತಿದ್ದರಂತೆ. ಬಾವಿಯ ಹತ್ತಿರ ನೀರು ಬಿಟ್ಟವರು "ಬಿಟ್ಟೆ" ಅನ್ನಬೇಕು, ಆ ತುದಿಯಲ್ಲಿ ಗುದ್ದಲಿ ಹಿಡಿದು ನಿಂತವರು "ಬಂತು" ಅನ್ನಬೇಕು. ಇಲ್ಲದಿದ್ದರೆ ಬದು ಒಡೆದು ನೀರೆಲ್ಲ ಪಕ್ಕದವರ ಪಾಲು. ನನಗೆ ಬುದ್ಧಿ ಬರುವ ಹೊತ್ತಿಗೆ ಜಮೀನೆಲ್ಲ ಸೈಟುಗಳಾಗಿ, ಬಾವಿಗೆ ಕಲ್ಲುಚಪ್ಪಡಿ ಬಿದ್ದು, ಉಳಿದದ್ದು ಮನೆ ಮತ್ತು ಅಂಗಳದಾಚೆ ಬಾಡಿಗೆಗೆ ಕೊಟ್ಟ ಸಾಲುಕೋಣೆಗಳು. ಕೂಗು ಮಾತ್ರ ಉಳಿದುಕೊಂಡಿತ್ತು. ಇದನ್ನು ಅಜ್ಜಿ ನಿಜವಾಗಿ ಹೇಳಿದಳೋ, ಅವಳ ಮಾತಿನ ತುಂಡುಗಳನ್ನು ನಾನೇ ಆಮೇಲೆ ಹೊಲಿದುಕೊಂಡೆನೋ, ಆಣೆ ಮಾಡಿ ಹೇಳಲಾರೆ. ನಾನು ಡೈರಿ ಬರೆಯುವವಳು. ಆದರೆ ನನ್ನ ಡೈರಿಗಳು ಜನವರಿಯಲ್ಲಿ ಪುಟ ತುಂಬಿ, ಯುಗಾದಿ ಹೊತ್ತಿಗೆ ಒಂದು ಸಾಲಾಗಿ, ಆಮೇಲೆ ಖಾಲಿ. ಅಂಥವಳ ಸಾಕ್ಷಿಗೆ ಎಷ್ಟು ಬೆಲೆಯೋ ಅಷ್ಟೇ ಕೊಡಿ.

ಇದನ್ನೆಲ್ಲ ನೆನಪಿಸಿಕೊಳ್ಳಬೇಕಾಗಿ ಬಂದದ್ದು ನಾನು ತಾಯಿಯಾದ ಮೇಲೆ. ನನ್ನ ಮಗುವಿನ ಜೊತೆ ನನ್ನನ್ನು ಒಬ್ಬಳನ್ನೇ ಬಿಡಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಎತ್ತಿದವರು ಗಂಡನಲ್ಲ, ಅತ್ತೆಯಲ್ಲ, ನಾನೇ. ಅದಕ್ಕೆ ಉತ್ತರ ಹೇಳುವ ಮೊದಲು ನಿಮ್ಮ ಬಾಲ್ಯ ಹೇಗಿತ್ತು ಗೊತ್ತಾಗಬೇಕು ಎಂದು ಬೆನ್ಸನ್ ಟೌನಿನ ಮನೋವೈದ್ಯೆಯೊಬ್ಬರು ಅಂದಿದ್ದರು. ನನಗೆ ಗೊತ್ತಿದ್ದ ಬಾಲ್ಯ ಹೀಗಿತ್ತು.

ಮುಂದೆ ಕೆಂಪು ನೆಲದ ಜಗಲಿ, ಅದಕ್ಕೆ ಅಗಲವಾದ ಮೆಟ್ಟಿಲು. ಒಳಗೆ ನಡುಮನೆ, ಹಗಲಲ್ಲೂ ದೀಪ ಬೇಕಾದ ದೇವರಕೋಣೆ, ಹಿಂದಕ್ಕೆ ಅಂಗಳಕ್ಕೆ ತೆರೆದುಕೊಳ್ಳುವ ಅಡುಗೆಮನೆ. ಅಂಗಳದಾಚೆಯ ಸಾಲಿನ ಮೊದಲ ಕೋಣೆಯಲ್ಲಿ ಯಾದಗಿರಿ ಕಡೆಯ ಶರಣಮ್ಮ ಇದ್ದಳು. ಅವಳ ಗಂಡ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವ ಕೆಲಸಕ್ಕೆ ಹೋದ ಮೇಲೆ ಅವಳು ರೊಟ್ಟಿ ತಟ್ಟುತ್ತ ನಮ್ಮ ಮನೆಯ ವ್ಯವಹಾರಗಳಲ್ಲಿ ಪೂರ್ತಿ ಭಾಗವಹಿಸುತ್ತಿದ್ದಳು. ನಮ್ಮದು ಮುದ್ದೆ, ಅವಳದು ಜೋಳದ ರೊಟ್ಟಿ. ಮಧ್ಯಾಹ್ನದ ಹೊತ್ತಿಗೆ ಇಲ್ಲಿಯ ಸಾರು ಅಲ್ಲಿಗೆ, ಅಲ್ಲಿಯ ಶೇಂಗಾ ಚಟ್ನಿ ಇಲ್ಲಿಗೆ ದಾಟಿರುತ್ತಿತ್ತು. ಭಾನುವಾರ ಅಪ್ಪ ಶಿವಾಜಿನಗರದಿಂದ ಮಾಂಸ ತರುತ್ತಿದ್ದ. ಶನಿವಾರ ಎಣ್ಣೆಸ್ನಾನ, ಅಜ್ಜಿ ನನ್ನ ನೆತ್ತಿಗೆ ಎಣ್ಣೆ ತಟ್ಟುವ ಸದ್ದು ಬೀದಿಗೆ ಕೇಳುತ್ತಿತ್ತು. ಈ ಗದ್ದಲದ ನಡುವೆ ನನ್ನದೊಂದು ಚಿತ್ರ ನನ್ನ ಬಳಿ ಜೋಪಾನವಾಗಿತ್ತು: ಸಂಜೆ ಬೆಳಕಲ್ಲಿ ಜಗಲಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಪುಸ್ತಕದಲ್ಲಿ ಮುಳುಗಿರುವ ಹುಡುಗಿ. ಯಾರ ಸಹಾಯವೂ ಇಲ್ಲದೆ ಓದಿ ಪಾಸಾದವಳು. ಕಷ್ಟದ ದಿನಗಳಲ್ಲಿ ನಾನು ಆ ಹುಡುಗಿಯನ್ನು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದೆ, ಇಲ್ಲವೇ ಅವಳ ಮುಂದೆ ನಾಚಿಕೊಳ್ಳುತ್ತಿದ್ದೆ.

ಎಡವಟ್ಟು ಅಂತ ನನಗೆ ಚೆನ್ನಾಗಿ ನೆನಪಿದ್ದದ್ದು ಒಂದೇ. ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿದ್ದೆ. ಕೆಳಗೆ ಮೋಟರ್ ಹಾಕಿ, ಟ್ಯಾಂಕು ತುಂಬಿದ ಕೂಡಲೇ ಕೂಗು ಎಂದು ನನ್ನನ್ನು ತಾರಸಿಗೆ ಕಳಿಸಿದ್ದರು. ರೈಲುಹಳಿಯ ಆಚೆ ಹುಡುಗರು ಗಾಳಿಪಟ ಬಿಟ್ಟಿದ್ದರು. ಒಂದು ಪಟದ ದಾರ ಕಡಿದು ಅದು ತೂರಾಡುತ್ತ ಇಳಿಯುವುದನ್ನು ನೋಡುತ್ತ ನಿಂತೆ. ಟ್ಯಾಂಕು ತುಂಬಿ, ತುಳುಕಿ, ತಾರಸಿಯ ಅಂಚಿನಿಂದ ಶರಣಮ್ಮನ ಬಾಗಿಲಿಗೆ ನೀರು ಸುರಿಯತೊಡಗಿತು. ಅಲ್ಲಿ ಮೊರದ ತುಂಬ ಅವಳ ರೊಟ್ಟಿ ಒಣಗುತ್ತಿದ್ದವು.

"ಯವ್ವಾ, ಮುಗಿಲು ತೂತು ಬಿದ್ದೈತೇನ್ ನೋಡ್ರೀ! ನನ್ನ ರೊಟ್ಟಿ ಎಲ್ಲಾ ತಿರುಗಿ ಹಿಟ್ಟಾದ್ವು!"

"ಮಂಜೀ! ನಿನ್ನನ್ನ ಟ್ಯಾಂಕ್ ನೋಡೋಕೆ ಕಳ್ಸಿದ್ದೋ, ಗಾಳಿಪಟ ನೋಡೋಕೋ?" ಇದು ಅಂಗಳದಿಂದ ಅಮ್ಮ.

"ಟ್ಯಾಂಕೇ ನೋಡ್ತಿದೀನಮ್ಮ!"

"ನಿಂತಿರೋದು ನೀರಲ್ಲಿ ಕಣೇ, ಕಾಲು ನೋಡ್ಕೊ!"

ನೋಡಿಕೊಂಡೆ. ಹಿಮ್ಮಡಿ ಮುಳುಗಿತ್ತು. ಅದು ಗೊತ್ತೇ ಆಗಿರಲಿಲ್ಲ ಅನ್ನುವುದು ಈಗಲೂ ನನಗೆ ವಿಚಿತ್ರ ಅನ್ನಿಸುತ್ತದೆ. ಅಂದು ಅಮ್ಮನಿಗೂ ಅಜ್ಜಿಗೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಜಗಳವಾಯಿತು. ಬಾಗಿಲು ಹಾಕಿ ಜಗಳವಾಡುವುದು ನಮ್ಮ ಮನೆಯ ರೀತಿಯೇ ಅಲ್ಲ, ಹಾಗಾಗಿ ಹೆದರಿದೆ. ರೊಟ್ಟಿಯ ವಿಷಯವಿರಬೇಕು ಅಂದುಕೊಂಡೆ. ಮಾರನೇ ದಿನ ಅಮ್ಮ ಒಂದು ಸೇರು ಜೋಳ ಕೊಟ್ಟಳು, ಶರಣಮ್ಮ ಹೊಸ ರೊಟ್ಟಿ ತಟ್ಟಿ ಮೊದಲನೆಯದನ್ನು ನನ್ನ ಕೈಗೇ ಇಟ್ಟು, "ತಿನ್ನವ್ವಾ, ಇವು ಈಜು ಕಲ್ತಿಲ್ಲ, ಮತ್ತ ಮುಳುಗಿಸಬ್ಯಾಡ" ಅಂದಳು. ಆಮೇಲೆ ಅಂಥದು ಮತ್ತೆ ನಡೆದ ನೆನಪಿಲ್ಲ. ಅದನ್ನು ನಾನು ಸರಿಹೋದೆ ಎಂದು ಅರ್ಥ ಮಾಡಿಕೊಂಡೆ. ಅದೇ ಮನೆಯಿಂದ ಓಡಾಡಿಕೊಂಡು ಬಿ.ಎ. ಆಯಿತು, ಎಂ.ಎ. ಆಯಿತು, ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅಜ್ಜಿ ತೀರಿಕೊಂಡದ್ದು ಅದರ ಮುಂದಿನ ವರ್ಷ.

ಮದುವೆಯಾಗಿ ಹೊರಮಾವಿನ ಫ್ಲ್ಯಾಟಿಗೆ ಬಂದ ಮೇಲೆ ನಾನು ಬೇರೆ ಯಾರೋ ಆದೆ ಅನ್ನಿಸಿತು. ಮನೆಯ ಕೀಲಿ ಫ್ರಿಜ್ಜಿನೊಳಗೆ ಸಿಗುತ್ತಿತ್ತು. ಒಗೆದ ಬಟ್ಟೆ ಮೆಷೀನಿನಲ್ಲೇ ಉಳಿದು ನಾರುತ್ತಿತ್ತು. ಕಸ ಗುಡಿಸಲು ಹೊರಟವಳು ಕಪಾಟಿನ ಪುಸ್ತಕ ತೆಗೆದು, ಪೊರಕೆ ಕಂಕುಳಲ್ಲಿಟ್ಟುಕೊಂಡು ನಿಂತಲ್ಲೇ ಓದುತ್ತಿದ್ದೆ. ಗಂಡ ರಮೇಶ ಬೆಳಿಗ್ಗೆ ಕೆ.ಆರ್. ಪುರದ ಕಾರ್ಖಾನೆಗೆ ಹೋದರೆ ಬರುವುದು ಸಂಜೆ. ಬೈಯುವ ಜಾತಿಯ ಮನುಷ್ಯನಲ್ಲ. ಅವನು ಬೈಯದೆ ಇರುವುದೂ ಕಷ್ಟವಾಗುತ್ತಿತ್ತು. ಮೊದಲು ಚೆನ್ನಾಗಿದ್ದೆ, ಈಗ ಸೋಮಾರಿಯಾದೆ, ಇದು ನನ್ನ ತೀರ್ಮಾನ. ಮೆಟ್ಟಿಲ ಮೇಲಿನ ಆ ಹುಡುಗಿ ಎಲ್ಲಿ ಹಾಳಾಗಿ ಹೋದಳು ಎಂದು ಕೇಳಿಕೊಳ್ಳುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಇನ್ನು ಇರುವುದು ಒಂದೇ ಕೆಲಸ, ಇದನ್ನಾದರೂ ಸರಿಯಾಗಿ ಮಾಡುತ್ತೇನೆ ಅಂದುಕೊಂಡೆ.

ಮಗಳು ಆಗಷ್ಟೇ ಕೂರಲು ಕಲಿತಿದ್ದಳು. ಅವಳ ರಾಗಿ ಸರಿಗೆ ಹಾಲಿಟ್ಟೆ. ಅವಳು ನಡುಮನೆಯ ಚಾಪೆಯ ಮೇಲಿದ್ದಳು. ನಾನು ಅಡುಗೆಮನೆಯ ಬಾಗಿಲಿಗೆ ಬಂದು "ಹಾಲಿಟ್ಟೆ!" ಎಂದು ಕೂಗಿ, ಬಾಲ್ಕನಿಗೆ ಹೋಗಿ ಒಣಗಿದ ಲಂಗೋಟಿಗಳನ್ನು ತೆಗೆಯತೊಡಗಿದೆ. ಎದುರಿನ ಖಾಲಿ ಜಾಗದಲ್ಲಿ ಜೆಸಿಬಿಯೊಂದು ಪಾಯ ಅಗೆಯುತ್ತಿತ್ತು. ಅದರ ಕೈ ಮಣ್ಣನ್ನು ಎತ್ತಿ, ತಿರುಗಿ, ಸುರಿದು, ಮತ್ತೆ ಬಗ್ಗುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಎದುರು ಮನೆಯ ಹೆಂಗಸು ಬಾಗಿಲು ಬಡಿಯುತ್ತಿದ್ದಾಗ ಎಚ್ಚರವಾಯಿತು. "ಗ್ಯಾಸ್ ವಾಸನೆ ಬರ್ತಿದೆ, ಸ್ವಿಚ್ ಮುಟ್ಬೇಡಿ!" ಎಂದು ಕಿರುಚುತ್ತಿದ್ದಳು. ಹಾಲು ಉಕ್ಕಿ ಉರಿ ಆರಿಹೋಗಿ, ಅನಿಲ ಸುಮ್ಮನೆ ಹೊರಬರುತ್ತಿತ್ತು. ನಾನು ಬಾಗಿಲು ತೆರೆದದ್ದೇ ಅವಳೇ ನುಗ್ಗಿ ಗ್ಯಾಸ್ ನಿಲ್ಲಿಸಿದಳು, ಕಿಟಕಿ ತೆಗೆದಳು. ಮಗಳು ತನ್ನ ಕಾಲ್ಬೆರಳು ಹಿಡಿದುಕೊಂಡು ಆಡುತ್ತಿದ್ದಳು, ಏನೂ ಆಗಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹಾಲು ಮರೆತೆ ಅನ್ನುತ್ತಿದ್ದರು. ನನ್ನದು ಅದಕ್ಕಿಂತ ವಿಚಿತ್ರ. ನಾನು ಕೂಗಿದ್ದೆ. ಕೂಗಿದ ಮೇಲೆ ನನ್ನ ತಲೆ ಆ ಹಾಲನ್ನು ಇನ್ಯಾರಿಗೋ ಒಪ್ಪಿಸಿ ಕೈತೊಳೆದುಕೊಂಡಿತ್ತು. ಆ ಮನೆಯಲ್ಲಿ ಆಯ್ತು ಅನ್ನಲು ಯಾರಿದ್ದರು? ಮಾತು ಬಾರದ ಒಂದು ಕೂಸು. ಆ ದಿನದಿಂದ ನಾನು ಮಗಳ ಜೊತೆ ಒಬ್ಬಳೇ ಇರುವುದನ್ನು ಬಿಟ್ಟೆ. ಬೆನ್ನು ನೋವು ಎಂದು ಸುಳ್ಳು ಹೇಳಿ ಅಮ್ಮನನ್ನು ಕರೆಸಿಕೊಂಡೆ. ಅಮ್ಮ ದಿನವೂ ಬೆಳಿಗ್ಗೆ ಲಿಂಗರಾಜಪುರದಿಂದ ಬಸ್ಸಿನಲ್ಲಿ ಬಂದು, ರಮೇಶ ಬಂದ ಮೇಲೆ ಹೋಗುತ್ತಿದ್ದಳು. ಮಗುವಿಗೆ ಸ್ನಾನ ಮಾಡಿಸುವುದು, ಉಣಿಸುವುದು ಎಲ್ಲ ಅವಳೇ. ನಾನು ಟವಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಪ್ರೀತಿ ಇದ್ದಲ್ಲಿ ಗಮನ ತಾನಾಗಿ ಇರುತ್ತದೆ ಎಂದು ಎಲ್ಲರೂ ಹೇಳುವುದನ್ನು ನಾನೂ ನಂಬಿದ್ದೆ. ಹಾಗಾದರೆ ನನ್ನಲ್ಲಿ ಇಲ್ಲದ್ದು ಯಾವುದು?

ನಡೆದದ್ದನ್ನು ರಮೇಶನಿಗೆ ಮಾತ್ರ ಹೇಳಿದ್ದೆ. ಅವನೇ ವಿಚಾರಿಸಿ ಡಾಕ್ಟರ ಬಳಿ ಕಳಿಸಿದ. ಬೆನ್ಸನ್ ಟೌನಿನ ಹಳೆಯ ಬಂಗಲೆಯೊಂದರ ಮುಂಭಾಗದಲ್ಲಿ ಅವರ ಕ್ಲಿನಿಕ್. ತಮಿಳಿನ ರಾಗವಿದ್ದ ಕನ್ನಡದಲ್ಲಿ ಎಲ್ಲ ಕೇಳಿದರು. ಇದು ಗಮನಕ್ಕೆ ಸಂಬಂಧಿಸಿದ ತೊಂದರೆ ಇರಬಹುದು, ಆದರೆ ಅದು ಹೀಗೆ ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವುದಲ್ಲ, ಚಿಕ್ಕಂದಿನಿಂದಲೇ ಇರಬೇಕು ಅಂದರು. ನಾನು ಮೆಟ್ಟಿಲ ಮೇಲಿನ ಹುಡುಗಿಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಅದು ನಿಮ್ಮ ಕಣ್ಣಿಗೆ ಕಂಡಿದ್ದು. ನಿಮ್ಮನ್ನ ನೋಡ್ಕೊಂಡೋರು ಬರ್ಲಿ" ಅಂದರು.

ಮುಂದಿನ ಸಲ ಹೋಗುವಾಗ, ಆಟೋದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಮ್ಮ ಕೇಳಿದಳು:

"ಹುಚ್ಚಾಸ್ಪತ್ರೆ ಡಾಕ್ಟ್ರಾ?"

"ಅಲ್ಲಮ್ಮ. ಗಮನ ನಿಲ್ದೇ ಇರೋದಕ್ಕೆ."

"ನಿಂಗೇನಾಗಿದೆ? ನಾನು ಹೇಳ್ತೀನಿ ಬಿಡು, ಏನೂ ಇರ್ಲಿಲ್ಲ ಅಂತ. ಇಲ್ದೇ ಇರೋ ಕಾಯಿಲೆನ ದುಡ್ಡು ಕೊಟ್ಟು ತಗೋಬೇಡ."

ಅಮ್ಮ ಏನೂ ಇರಲಿಲ್ಲ ಅಂದರೆ ಉಳಿಯುವುದು ಒಂದೇ: ನಾನು ನಿಗಾ ಇಲ್ಲದ ತಾಯಿ, ಮತ್ತು ಅದಕ್ಕೆ ಔಷಧವಿಲ್ಲ.

ಕ್ಲಿನಿಕ್ಕಿನಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು, ಕೋರ್ಟಿಗೆ ಬಂದವಳ ಹಾಗೆ ನೆಟ್ಟಗೆ ಕೂತಳು.

"ಸ್ಕೂಲಲ್ಲಿ ಸಾಮಾನು ಕಳ್ಕೊಳ್ಳೋದು ಇತ್ತಾ ಅಮ್ಮಾ?"

"ಇಲ್ವೇ ಇಲ್ಲ ಡಾಕ್ಟ್ರೇ. ಪೆನ್ಸಿಲ್‌ಗೆ ದಾರ ಕಟ್ಟಿ ಕೊರಳಿಗೆ ಹಾಕ್ತಿದ್ವಿ, ಅಷ್ಟೇ."

"ಒಂದು ಕಡೆ ಕೂತು ಓದ್ತಿದ್ರಾ?"

"ಅಯ್ಯೋ, ಗಂಟೆಗಟ್ಲೆ! ಜಗಲಿ ಮೆಟ್ಲಲ್ಲಿ. ನಮ್ಮತ್ತೆ ಪಕ್ಕದಲ್ಲೇ ಅವರೆಕಾಯಿ ಸುಲೀತಾ ಕೂತಿರೋರು. ಇವ್ಳು ಬೀದಿ ನೋಡಿದ್ರೆ ಒಂದು ಕಾಳು ತಗೊಂಡು ಎಸೆಯೋರು. ಅಷ್ಟೇ."

"ಅವರೆಕಾಯಿ ಕಾಲ ಮುಗಿದ ಮೇಲೆ?"

"ಕಡ್ಲೆಕಾಯಿ."

ಡಾಕ್ಟರು ತುಟಿ ಬಿಗಿಹಿಡಿದು ಬರೆದುಕೊಂಡರು. "ಬೆಳಿಗ್ಗೆ ತಾನೇ ರೆಡಿ ಆಗ್ತಿದ್ರಾ?"

"ಪೂರ್ತಿ ತಾನೇ. ನಾನು ಬಚ್ಚಲ ಬಾಗ್ಲಾಚೆ ನಿಂತು ಕೂಗ್ತಿದ್ದೆ, ಸೋಪು ಆಯ್ತಾ, ನೀರು ಹುಯ್ಕೊಂಡ್ಯಾ, ಟವಲ್ ಎಲ್ಲಿ ಅಂತ. ಅಷ್ಟೇ."

"ಎಷ್ಟು ವರ್ಷದ ತನಕ?"

ಅಮ್ಮ ಛಾವಣಿ ನೋಡಿ ಯೋಚಿಸಿದಳು. "ಎಂ.ಎ. ಮುಗಿಯೋ ತಂಕ."

"ಅಮ್ಮಾ!" ಅಂದೆ ನಾನು.

"ಏನ್ ಅಮ್ಮಾ? ಇರೋದನ್ನ ತಾನೇ ಹೇಳ್ತಿರೋದು?" ಅಂದು ಅವಳು ಡಾಕ್ಟರ ಕಡೆ ತಿರುಗಿದಳು. "ಒಂದ್ಸಲ ಮಾತ್ರ ಟ್ಯಾಂಕ್ ನೀರು ಹರಿಸ್ಬಿಟ್ಟಿದ್ಲು. ಅವತ್ತು ನಮ್ಮತ್ತೆಗೂ ನನಗೂ ಜಗಳ. ಎರಡು ಬಿಟ್ರೆ ಸರಿಹೋಗ್ತಾಳೆ ಅಂತ ನಾನು. ಹೊಡೆದ್ರೆ ಅಳ್ತಾಳೆ, ನೆನಪಿಟ್ಕೊಳ್ಳಲ್ಲ ಅಂತ ಅವರು. ಈ ಮಗೂಗೆ ಒಂಟಿ ಕೆಲಸ ಹೇಳಕೂಡದು, ಇವಳು ಕೂಗಿದ್ರೆ ಯಾರಾದ್ರೂ ಸರಿ ಉತ್ತರ ಕೊಡ್ಲೇಬೇಕು ಅಂತ ಇಡೀ ವಠಾರಕ್ಕೆ ಹೇಳ್ಬಿಟ್ರು. ಬಾಡಿಗೆಯವ್ರಿಗೂ! ಶರಣಮ್ಮ ಅಂತೂ ರೊಟ್ಟಿ ಬಿಟ್ಟು ಓಡಿಬರೋಳು. ಆಮೇಲೆ ಯಾವ ತೊಂದ್ರೆನೂ ಇಲ್ಲ. ಅಷ್ಟೇ."

"ಮನೇಲಿ ಇನ್ಯಾರಿಗಾದ್ರೂ ಹೀಗೆ...?"

"ಯಾರಿಗೂ ಇಲ್ಲ. ಇವರಪ್ಪ ಸ್ಕೂಟರಲ್ಲಿ ಶಿವಾಜಿನಗರಕ್ಕೆ ಹೋಗಿ ಬಸ್ಸಲ್ಲಿ ವಾಪಸ್ ಬರೋರು. ಸ್ಕೂಟರ್ ಅಲ್ಲೇ. ಗಂಡಸ್ರು ತಾನೇ, ಅಷ್ಟೇ."

ಅಷ್ಟರಲ್ಲಿ ಡಾಕ್ಟರಿಗೆ ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ತಾನು ಕೇಸು ಗೆದ್ದೆ ಎಂದುಕೊಂಡು ಅಮ್ಮನೂ ನಕ್ಕಳು. ನಾನು ಮಾತ್ರ ಆ ಮೆಟ್ಟಿಲನ್ನು ನೋಡುತ್ತಿದ್ದೆ. ಅಲ್ಲಿ ಈಗ ಅಜ್ಜಿ ಕೂತಿದ್ದಳು, ಮೊರ ಇತ್ತು, ಸಿಪ್ಪೆಯ ರಾಶಿ ಇತ್ತು. ಇಷ್ಟು ವರ್ಷ ಅವಳನ್ನು ಆ ಚಿತ್ರದಿಂದ ನಾನು ಹೇಗೆ ಅಳಿಸಿಹಾಕಿದ್ದೆ? ಕೆನ್ನೆಗೆ ತಾಗಿದ ಅವರೆಕಾಳಿನ ನೆನಪೂ ಬಂದ ಹಾಗಿತ್ತು. ಅದನ್ನು ನಂಬಬೇಕೋ ಬೇಡವೋ ತಿಳಿಯದು. ಅಮ್ಮ ಹೇಳಿದ ಮೇಲೆ ಹುಟ್ಟಿದ ನೆನಪೂ ಇರಬಹುದು. ಅಮ್ಮನೂ ಹೇಳುವ ಭರದಲ್ಲಿ ಒಂದಕ್ಕೆ ಎರಡು ಸೇರಿಸಿರಬಹುದು. ಆದರೆ ಇಲ್ಲ ಎಂದು ಸಾಧಿಸಲು ಬಂದವಳು ಇದನ್ನೆಲ್ಲ ಯಾಕೆ ಕಟ್ಟಿ ಹೇಳುತ್ತಾಳೆ?

ಡಾಕ್ಟರು ನನ್ನನ್ನು ನೋಡಿ ಹೇಳಿದ್ದು ಇಷ್ಟು. ಅದು ಹೋಗಿರಲಿಲ್ಲ, ಮತ್ತೆ ಬಂದದ್ದೂ ಅಲ್ಲ. ಮಕ್ಕಳು ಬೆಳೆದಂತೆ ಹಾರಾಟ, ಕುಣಿತ ಕಡಿಮೆಯಾಗಿ, ಹೋಯಿತು ಅನ್ನಿಸುತ್ತದೆ. ಒಳಗಿನ ಜಾರಾಟ ಎಷ್ಟೋ ಜನರಲ್ಲಿ ಹಾಗೇ ಇರುತ್ತದೆ. ವಯಸ್ಸಾದಂತೆ ನೆನಪಿಡಬೇಕಾದ್ದು ಹೆಚ್ಚುತ್ತದೆ, ನೆನಪಿಸುವವರು ಕಡಿಮೆಯಾಗುತ್ತಾರೆ. ನನಗೆ ಅವೆರಡೂ ಒಟ್ಟಿಗೆ ಆಗಿತ್ತು. ಒಂದು ವಠಾರ ಸೇರಿ ಮಾಡುತ್ತಿದ್ದ ಕೆಲಸವನ್ನು ನಾನು ಒಬ್ಬಳೇ ಮಾಡಲು ಹೊರಟು, ಆಗದೆ ಹೋದಾಗ ಸೋಮಾರಿ ಅನ್ನುವ ಹೆಸರಿಟ್ಟುಕೊಂಡಿದ್ದೆ. ನಾನು ಹಾಳಾಗಿರಲಿಲ್ಲ. ಮೊದಲು ಹೇಗಿದ್ದೆನೋ ಹಾಗೇ ಇದ್ದೆ. ಇಂಥ ಮಾತು ಕೇಳಿ ಹಗುರವಾಗುವವರು ಇರುತ್ತಾರೋ ಇಲ್ಲವೋ, ನಾನಂತೂ ಅಲ್ಲೇ ಅತ್ತುಬಿಟ್ಟೆ. ಅಮ್ಮ ಗಾಬರಿಯಾಗಿ ಮಗುವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಡಾಕ್ಟ್ರೇ, ಮಗು ಜೊತೆ ನಾನೊಬ್ಳೇ ಇರಬಹುದಾ?" ಎಂದು ಕೇಳಿದೆ.

"ಮಗು ನಿಮ್ಮ ಕೈಯಲ್ಲಿರುವಾಗ ಯಾವತ್ತಾದ್ರೂ ಮನಸ್ಸು ಎಲ್ಲೋ ಹೋಗಿದ್ಯಾ?"

ಯೋಚಿಸಿದೆ. "ಇಲ್ಲ."

"ಎದುರಿಗಿರೋದು, ಕೈಯಲ್ಲಿರೋದು ನಿಮ್ಮನ್ನ ಹಿಡ್ಕೊಳ್ಳತ್ತೆ. ಬೆನ್ನ ಹಿಂದೆ ಇರೋದು ಜಾರತ್ತೆ. ಅದಕ್ಕೆ ತಕ್ಕ ಹಾಗೆ ಮಾಡ್ಕೊಳ್ಳಿ. ಒಲೆ ಹಚ್ಚಿದ್ರೆ ಆರಿಸೋ ತನಕ ಅಲ್ಲೇ. ಸ್ನಾನಕ್ಕೆ ಎಲ್ಲಾ ಮೊದಲೇ ಪಕ್ಕದಲ್ಲಿಟ್ಕೊಂಡು ಕೂರಿ, ಮಧ್ಯದಲ್ಲಿ ಏನೇ ಆದ್ರೂ ಏಳ್ಬೇಡಿ. ಮಾತ್ರೆ ವಿಷಯ ಮಗು ಹಾಲು ಬಿಟ್ಟ ಮೇಲೆ ನೋಡೋಣ. ಇರಬಹುದು. ಇರಿ."

ವಾಪಸು ಬರುವಾಗ, ಮನೆಯ ತಿರುವಿನಲ್ಲಿ ಅಮ್ಮ ಕೇಳಿದಳು, "ನಾನು ಹೇಳಿದ್ದು ಒಪ್ಕೊಂಡ್ರು ತಾನೇ?"

"ಎಲ್ಲಾ ಒಪ್ಕೊಂಡ್ರಮ್ಮ, ಒಂದೂ ಬಿಡದೆ."

"ಮತ್ತೆ? ಆಟೋದಲ್ಲೇ ಹೇಳ್ಲಿಲ್ವಾ ನಾನು?"

ಮನೆಯೊಳಗೆ ಬಂದು ಅವಳು ಸೆರಗು ಸಿಕ್ಕಿಸಿಕೊಂಡು ಬಚ್ಚಲ ಕಡೆ ಹೊರಟಾಗ, ಇವತ್ತು ನಾನೇ ಸ್ನಾನ ಮಾಡಿಸುತ್ತೇನೆ, ನೀನು ಹೊರಡು, ರಮೇಶ ಬರುವವರೆಗೆ ಕಾಯಬೇಡ ಅಂದೆ.

"ಬೆನ್ನು?"

"ಹೋಯ್ತು."

ಅಮ್ಮ ಮಗುವನ್ನು ನನ್ನ ತೋಳಿಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಬಿಸಿನೀರು, ಚೊಂಬು, ಕಡಲೆಹಿಟ್ಟು, ಟವಲ್, ಹೊದಿಕೆ, ಒಣಗಿದ ಬಟ್ಟೆ, ಎಲ್ಲವನ್ನೂ ಕೈಗೆಟಕುವ ಹಾಗೆ ಇಟ್ಟುಕೊಂಡೆ. ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗಳನ್ನು ಮೊಣಕಾಲುಗಳ ಮೇಲೆ ಮಲಗಿಸಿಕೊಂಡೆ. ಅವಳ ಭಾರ ಹಿಂದಿನದಕ್ಕಿಂತ ಹೆಚ್ಚಾಗಿತ್ತು. ಬಾಗಿಲಲ್ಲಿ ನಿಂತು ನೋಡುವವಳಿಗೆ ಅದು ಗೊತ್ತಾಗುವುದಿಲ್ಲ. ಮೊದಲ ಚೊಂಬಿಗೆ ಅವಳು ಬೆಚ್ಚಿ ನನ್ನ ಕಡೆ ನೋಡಿದಳು. ಎರಡನೆಯದಕ್ಕೆ ಕಾಲು ಬಡಿದಳು. ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ನೀರು ಹುಯ್ಯುವಾಗ ನಡುಮನೆಯಲ್ಲಿ ಫೋನ್ ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ನಾನು ಏಳಲಿಲ್ಲ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ತೊಳೆದು, ಒರೆಸಿ, ಸುತ್ತಿ, ಎತ್ತಿಕೊಂಡೆ.

ಮೂರನೆಯ ಸಲ ಹೊಡೆದುಕೊಂಡಾಗ ಅವಳನ್ನು ಹೆಗಲಿಗೆ ಹಾಕಿಕೊಂಡೇ ಹೋಗಿ ಎತ್ತಿದೆ. ಅಮ್ಮ. ಹಿಂದೆ ಬಸ್ಸುಗಳ ಸದ್ದು, ಕಂಡಕ್ಟರನ ಕೂಗು.

"ಸ್ನಾನ ಆಯ್ತಾ?"

"ಆಯ್ತಮ್ಮ."

"ಒರೆಸಿದ್ಯಾ?"

"ಒರೆಸಿ, ಸುತ್ತಿ, ಎತ್ಕೊಂಡಿದೀನಿ. ನೀನೆಲ್ಲಿದೀಯ ಇನ್ನೂ?"

"ಇಲ್ಲೇ, ಸ್ಟಾಪಲ್ಲಿ, ಫೋನ್ ಬೂತಿಂದ," ಅಂದಳು. "ಸರಿ ಹಂಗಾದ್ರೆ. ಬಸ್ಸು ಹತ್ತುತೀನಿ."